ಗಂಟಲು ನೋವಿಗೂ ತೂಕ ಇಳಿಸಬೇಕಾ?

"ನನಗೆ 42 ವರ್ಷ, ತೂಕ 86 ಕೆಜಿ. ಮಂಡಿ ನೋವು ಅಂತ ಹೋದರೂ, ಗಂಟಲು ನೋವು ಅಂತ ಹೋದರೂ ಡಾಕ್ಟರ್ ಹೇಳುವುದು ಒಂದೇ, ತೂಕ ಇಳಿಸಿ. ಈಗ ಹೋಗುವುದನ್ನೇ ಬಿಟ್ಟಿದ್ದೇನೆ. ತಪ್ಪು ನನ್ನದೇ ಅಲ್ವಾ?"
– ಓದುಗರೊಬ್ಬರು, ದಾವಣಗೆರೆ

ಅಲ್ಲಮ್ಮಾ, ಖಂಡಿತ ಅಲ್ಲ.

ಜಾಸ್ತಿ ತೂಕ ಮಂಡಿಗೆ ಭಾರ, ಸಕ್ಕರೆ ಕಾಯಿಲೆಗೂ ದಾರಿ. ಇದು ನಿಜ, ಒಪ್ಪುತ್ತೇನೆ. ಆದರೆ ಗಂಟಲಿಗೂ ಅದೇ ಮದ್ದೇ?

ನಮ್ಮ ಅಕ್ಕನಿಗೂ ಹೀಗೇ ಆಗಿತ್ತು. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಎರಡು ವರ್ಷ ಒಂದು ಆಸ್ಪತ್ರೆಯಲ್ಲಿ 'ಬಾಯಿ ಕಟ್ಟಿ' ಅಂದರೇ ಹೊರತು ರಕ್ತ ಪರೀಕ್ಷೆ ಬರೆಯಲಿಲ್ಲ. ಅವಳು ರಾತ್ರಿ ಊಟ ಬಿಟ್ಟಳು. ಕೊನೆಗೆ ಬೇರೆ ಕಡೆ ತೋರಿಸಿದಾಗ ಹಿಮೋಗ್ಲೋಬಿನ್ ಬರೀ 7 ಇತ್ತು, ರಕ್ತಹೀನತೆ! ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ನೋಡಲು ಎಲ್ಲರೂ ಹಿಡಿದುಕೊಂಡಿರುವ ಈ ಬಿಎಂಐ ಲೆಕ್ಕ 1830ರ ದಶಕದ್ದು. ಹಾಕಿದವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಖಗೋಳ ಮತ್ತು ಅಂಕಿಸಂಖ್ಯೆ ಓದಿದವರು. ಅವರಿಗೆ ಬೇಕಿದ್ದದ್ದು ಇಡೀ ಜನಸಮೂಹದ ಸರಾಸರಿ. ಒಬ್ಬೊಬ್ಬರ ಆರೋಗ್ಯ ಅಳೆಯಲು ಅದನ್ನು ಮಾಡಿದ್ದೇ ಅಲ್ಲ. ಪುಣೆಯ ಸಕ್ಕರೆ ಕಾಯಿಲೆ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಮೈಯನ್ನು ಉದಾಹರಣೆಗೆ ಇಟ್ಟರು. ಅವರಿಗೂ ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅವರಿಗೂ ಬಿಎಂಐ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ 9.1, ನಮ್ಮ ಯಾಜ್ಞಿಕ್ ಅವರಿಗೆ ಶೇ 21.2. ತೆಳ್ಳಗಿದ್ದೇನೆ ಅಂತ ಸಕ್ಕರೆ ಪರೀಕ್ಷೆ ಮಾಡಿಸದೆ ಕೂತವರು ಇದನ್ನು ಓದಬೇಕು.

ಇನ್ನೊಂದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಇಡದವರು ಬೈಯುವುದು ಮಾತ್ರ ನಿಮ್ಮನ್ನು.

ಬರೀ ಆಸ್ಪತ್ರೆ ಅಂತಲೂ ಅಲ್ಲ. ಮದುವೆಮನೆಯಲ್ಲಿ ಎಲೆ ಮುಂದೆ ಕೂತವಳಿಗೆ "ಏನೇ, ಇಷ್ಟು ದಪ್ಪ ಆಗ್ಬಿಟ್ಟಿದ್ದೀಯ" ಅನ್ನುತ್ತಾರೆ. ಅವಳು ಹೋಳಿಗೆ ಬೇಡ ಅಂತ ಕೈ ಅಡ್ಡ ಹಿಡಿಯುತ್ತಾಳೆ. ಬಟ್ಟೆ ಅಂಗಡಿಯ ಹುಡುಗ ಮೇಲಿಂದ ಕೆಳಗೆ ನೋಡಿ "ನಿಮ್ಮ ಸೈಜ್ ಬರಲ್ಲ" ಅನ್ನುತ್ತಾನೆ. ಮೈಯಿಳಿಸಲೆಂದೇ ಜಿಮ್‌ಗೆ ಹೋದರೆ ಅಲ್ಲೂ ಮುಸಿಮುಸಿ ನಗು. ಇನ್ನು ಅವರು ಹೋಗುವುದಾದರೂ ಎಲ್ಲಿಗೆ? ಇಂಥ ಅವಮಾನದಿಂದ ಮೈಗೂ ಮನಸ್ಸಿಗೂ ಹಾನಿ, ಸರಿಯಾದ ಚಿಕಿತ್ಸೆಯೂ ತಪ್ಪುತ್ತದೆ ಎಂದು ಹಲವು ದೇಶಗಳ ತಜ್ಞರು 2020ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಒಟ್ಟಾಗಿ ಬರೆದಿದ್ದಾರೆ.

ನೀವು ಡಾಕ್ಟರ ಹತ್ತಿರ ಹೋಗುವುದು ಬಿಟ್ಟಿದ್ದಕ್ಕೆ ಮಾತ್ರ ನಿಮ್ಮನ್ನು ಗದರುತ್ತೇನೆ. ಈ ವಾರವೇ ಹೋಗಿ. "ತೆಳ್ಳಗಿರುವವರು ಇದೇ ನೋವು ಅಂತ ಬಂದರೆ ಯಾವ ಪರೀಕ್ಷೆ ಬರೆಯುತ್ತೀರಿ?" ಅಂತ ಕೇಳಿ. ಅದನ್ನೇ ಬರೆಸಿಕೊಳ್ಳಿ. ಮಂಡಿಗೆ ಏನು ಹೇಳಿದರು ಅಂತ ನನಗೊಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.
– ಸಂ.