ಸಂಪಾದಕರ ಉತ್ತರ: ಸಿ.ಎನ್.ಎ. ಕೆಲಸಕ್ಕೆ ಸೇರುವ ಮುನ್ನ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಓದುಗರೊಬ್ಬರು ಬರೆದಿದ್ದಾರೆ: “ಕೆಲಸದ ಪರ್ಮಿಟ್ ಈಗ ಕೈಗೆ ಬಂದಿದೆ. ನರ್ಸಿಂಗ್ ಹೋಮ್‌ನಲ್ಲಿ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್, ಅಂದರೆ ಸಿ.ಎನ್.ಎ. ಆಗಬೇಕೆಂದು ತರಬೇತಿ ಹುಡುಕುತ್ತಿದ್ದೇನೆ. ಊರಿನಿಂದ ಅತ್ತೆ ‘ಕಂಡವರ ಹೇಲು ಬಳಿಯೋಕೆ ಅಮೆರಿಕಾಕ್ಕೆ ಹೋಗಬೇಕಿತ್ತಾ’ ಅಂದರು. ದಿನವಿಡೀ ನಿಜಕ್ಕೂ ಏನು ಕೆಲಸ ಇರುತ್ತದೆ? ನನಗೆ ಸೊಂಟದ ಚಿಂತೆಯೂ ಇದೆ. ಕಟ್ಟುವ ಫೀಸು ವಾಪಸು ಬರುವ ದಾರಿ ಇದೆಯೇ?”

ನಿಮ್ಮ ಅತ್ತೆಯವರು ಹೇಳಿದ್ದು ಸುಳ್ಳಲ್ಲ. ಬ್ರೀಫ್ (ದೊಡ್ಡವರ ಡೈಪರ್) ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ತೊಳೆದು ಒರೆಸುವುದು ಪ್ರತಿ ಪಾಳಿಯಲ್ಲೂ ಇದೆ. ಆದರೆ ಅವರು ಅರ್ಧವನ್ನಷ್ಟೇ ಹೇಳಿದರು. ನರ್ಸಿಂಗ್ ಹೋಮ್ ಅಂದರೆ ಇಲ್ಲಿ ವೃದ್ಧರು ಉಳಿದುಕೊಂಡು ಆರೈಕೆ ಪಡೆಯುವ ಮನೆ. ಅಲ್ಲಿರುವವರ ಮೈಯನ್ನು ದಿನವೂ ಅಡಿಯಿಂದ ಮುಡಿಯವರೆಗೆ ನೋಡುವವರು ಸಿ.ಎನ್.ಎ.ಗಳು. ನರ್ಸ್ ಮಾತ್ರೆ ಕೊಟ್ಟು ಮುಂದಿನ ಕೋಣೆಗೆ ಹೋಗಬೇಕು. ಡಾಕ್ಟರು ಮೊದಲ 90 ದಿನ ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ಬಂದರೆ ಫೆಡರಲ್ (ಕೇಂದ್ರ ಸರ್ಕಾರದ) ನಿಯಮಕ್ಕೆ ಅಷ್ಟು ಸಾಕು. ಹಾಗಾಗಿ ಒರೆಸುವ ಹೊತ್ತಿನಲ್ಲಿ ನಿಮ್ಮ ಕಣ್ಣು ಏನನ್ನು ಹಿಡಿಯುತ್ತದೆ ಎನ್ನುವುದೇ ಈ ಕೆಲಸದ ಜೀವ ಎಂದು ನಾವು ನಂಬುತ್ತೇವೆ.

ಮೊದಲು ಲೆಕ್ಕ ತಿಳಿದುಕೊಳ್ಳಿ. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಪ್ರತಿ ನಿವಾಸಿಗೆ ದಿನಕ್ಕೆ ಕನಿಷ್ಠ 3.5 ಗಂಟೆಯ ಶುಶ್ರೂಷೆ ಸಿಗಬೇಕು, ಅದರಲ್ಲಿ 2.4 ಗಂಟೆ ಸಿ.ಎನ್.ಎ.ಗಳದ್ದಾಗಿರಬೇಕು. ಈ 2.4 ಗಂಟೆ ಮೂರು ಪಾಳಿಗೆ ಹಂಚಿಹೋಗುತ್ತದೆ. ಬೆಳಗಿನ ಪಾಳಿಗೆ ಒಂದು ಗಂಟೆ ಬಂತೆಂದುಕೊಂಡರೂ ಎಂಟು ಗಂಟೆಯಲ್ಲಿ ಎಂಟು ಜನ ನಿಮ್ಮ ಪಾಲಿಗೆ. ಯಾರಾದರೂ ರಜೆ ಹಾಕಿದ ದಿನ ಇನ್ನೂ ಹೆಚ್ಚು. ಸ್ನಾನ, ಬಟ್ಟೆ, ಊಟ, ಶೌಚ, ಬರವಣಿಗೆ ಎಲ್ಲವೂ ಆ ಒಂದು ಗಂಟೆಯೊಳಗೆ ಮುಗಿಯಬೇಕು.

ಬೆಳಗಿನ ಪಾಳಿ ಸಾಮಾನ್ಯವಾಗಿ 7ರಿಂದ 3. ರಾತ್ರಿಯವರಿಂದ ವರದಿ ಕೇಳಿದ ಕೂಡಲೇ ಸ್ನಾನಕ್ಕೆ ಕೈಹಾಕಬೇಡಿ. ಎಂಟೂ ಜನರನ್ನು ಒಮ್ಮೆ ನೋಡಿ ಬನ್ನಿ: ಉಸಿರಾಟ ಸರಿಯಿದೆಯೇ, ಯಾರು ಒದ್ದೆಯಾಗಿದ್ದಾರೆ, ಸಹಾಯಕ್ಕೆ ಕರೆಯುವ ಗುಂಡಿ (ಕಾಲ್ ಲೈಟ್) ಕೈಗೆ ಎಟಕುತ್ತದೆಯೇ, ನಳಿಗೆ ಹಾಕಿದವರ ಮೂತ್ರದ ಚೀಲ ಮೂತ್ರಕೋಶಕ್ಕಿಂತ ಕೆಳಗಿದೆಯೇ. ಡಯಾಲಿಸಿಸ್‌ಗೆ, ಥೆರಪಿಗೆ ಹೊರಡುವವರು ಮೊದಲು. ಉಳಿದವರ ಸರದಿಯನ್ನು ತಿಂಡಿಯ ಹೊತ್ತಿಗೆ ಹೊಂದಿಸಿಕೊಳ್ಳಿ.

ಈಗ ಚರ್ಮದ ವಿಷಯ. ತಾವಾಗಿ ಹೊರಳಲಾಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಒಳಗಿನಿಂದಲೇ ಕೆಡುತ್ತದೆ. ಮೇಲೆ ಹುಣ್ಣು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಬೆನ್ನಿನ ಬುಡ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಮೊಣಕೈ, ಆಕ್ಸಿಜನ್ ನಳಿಗೆ ಇರುವವರ ಕಿವಿಯ ಹಿಂಭಾಗ, ಇವನ್ನು ಪ್ರತಿ ಸಲ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದಿದ್ದರೆ ಒತ್ತುಹುಣ್ಣಿನ ಮೊದಲ ಹಂತ. ಕಪ್ಪು ಅಥವಾ ಕಂದು ಚರ್ಮದಲ್ಲಿ ಈ ಕೆಂಪು ಎಷ್ಟೋ ಸಲ ಕಾಣುವುದಿಲ್ಲ. ಅಲ್ಲಿ ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ನೋವೋ ಎಂದು ಕೈಯಿಂದಲೇ ತಿಳಿಯಬೇಕು. ಬೆಳ್ಳಗಿನ ಚರ್ಮದ ಚಿತ್ರಗಳನ್ನಷ್ಟೇ ನೋಡಿ ಕಲಿತವರು ಇದನ್ನು ತಪ್ಪಿಸಿಕೊಳ್ಳುತ್ತಾರೆ, ನೀವು ಹಾಗಾಗಬೇಡಿ.

ನಮ್ಮ ಮನೆಗಳಲ್ಲಿ ಕೆಂಪಾದ ಕಡೆ ಎಣ್ಣೆ ಹಚ್ಚಿ ತಿಕ್ಕುವ ರೂಢಿಯಿದೆ. ಅಲ್ಲಿ ಮಾತ್ರ ತಿಕ್ಕಲೇಬಾರದು, ಈಗಾಗಲೇ ಪೆಟ್ಟಾದ ಒಳಭಾಗ ಇನ್ನಷ್ಟು ಹರಿಯುತ್ತದೆ. ಪೂರ್ತಿ ಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಗೆ ಬೀಳುತ್ತದೆ. 30 ಡಿಗ್ರಿಯಷ್ಟು ವಾಲಿಸಿ ಬೆನ್ನಿಗೆ ದಿಂಬು ಕೊಡಿ. ಕಾಲಿನ ದಿಂಬನ್ನು ಮೀನಖಂಡದ ಕೆಳಗಿಡಿ, ಹಿಮ್ಮಡಿ ಯಾವುದಕ್ಕೂ ತಾಗದೆ ತೇಲುವಂತಿರಲಿ. ಜಾರಿ ಕೆಳಗಿಳಿದವರನ್ನು ತೋಳು ಹಿಡಿದು ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡು ಒಳಗಿನ ಮಾಂಸ ಸರಿಯುತ್ತದೆ. ಇಬ್ಬರು ನಿಂತು ಮೈಯಡಿ ಹಾಸಿದ ಅಡ್ಡ ಬಟ್ಟೆಯನ್ನು (ಡ್ರಾ ಶೀಟ್) ಹಿಡಿದು ಎತ್ತಿಯೇ ಮೇಲಕ್ಕೆ ಸರಿಸಬೇಕು. ಹೊಸದಾಗಿ ಏನು ಕಂಡರೂ ಆಗಲೇ ನರ್ಸ್‌ಗೆ ಬಾಯಲ್ಲಿ ಹೇಳಿ. ಚಾರ್ಟ್‌ನಲ್ಲಿ ಬರೆದು ಸುಮ್ಮನಾದರೆ ಹೇಳಿದಂತಾಗುವುದಿಲ್ಲ.

ತೊಳೆಯುವಾಗ ಹೆಂಗಸರಿಗೆ ಸದಾ ಮುಂದಿನಿಂದ ಹಿಂದಕ್ಕೆ ಒರೆಸಿ, ಪ್ರತಿ ಸಲಕ್ಕೂ ಬಟ್ಟೆಯ ಬೇರೆ ಮಗ್ಗುಲು. ಹಿಂದಿನದು ಮುಂದಕ್ಕೆ ಬಂದರೆ ಮೂತ್ರದ ಸೋಂಕು ಖಚಿತವಾಗಿ ಕಾದಿದೆ ಎಂದೇ ತಿಳಿದು ಕೆಲಸ ಮಾಡಿ. ನಿನ್ನೆ ನೆಟ್ಟಗೆ ಮಾತಾಡುತ್ತಿದ್ದವರು ಇವತ್ತು ಗೊಂದಲದಲ್ಲಿದ್ದರೆ “ವಯಸ್ಸಾಯಿತು” ಎಂದು ಬಿಡದೆ ನರ್ಸ್‌ಗೆ ತಿಳಿಸಿ, ಅದು ಸೋಂಕಿನ ಗುರುತಾಗಿರಬಹುದು.

ನಿಮ್ಮ ಸೊಂಟಕ್ಕೆ ಬರೋಣ. ಹಾಸಿಗೆಯಲ್ಲಿ ಕೆಲಸ ಮಾಡುವಾಗ ಮಂಚವನ್ನು ನಿಮ್ಮ ಸೊಂಟದ ಮಟ್ಟಕ್ಕೆ ಏರಿಸಿ, ಹೊರಡುವಾಗ ಪೂರ್ತಿ ಇಳಿಸಿ. ಅರ್ಧ ನಿಮಿಷ ಉಳಿಸಲು ಬಗ್ಗಿಯೇ ಕೆಲಸ ಮಾಡುವವರಿಗೆ ಬೆನ್ನು ಬೇಗ ಕೈಕೊಡುತ್ತದೆ. ಕುರ್ಚಿಗೆ ದಾಟಿಸುವಾಗ ಗಾಲಿಕುರ್ಚಿ ಅವರ ಬಲವಿರುವ ಪಕ್ಕಕ್ಕಿರಲಿ, ಎರಡೂ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿಗಳನ್ನು ಪಕ್ಕಕ್ಕೆ ಸರಿಸಿ, ಮಂಚದ ಗಾಲಿಯೂ ಲಾಕ್ ಆಗಿರಲಿ. ಜಾರದ ಪಾದರಕ್ಷೆ ಹಾಕಿಸಿ, ಪಾದ ನೆಲಕ್ಕೆ ಊರುವಂತೆ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಿ. ಮಲಗಿದ್ದವರು ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಹಿಡಿದು ಎಬ್ಬಿಸಲು ಕಟ್ಟುವ ಪಟ್ಟಿಯಾದ ಗೇಯ್ಟ್ ಬೆಲ್ಟನ್ನು ಬಟ್ಟೆಯ ಮೇಲೆ ಸೊಂಟಕ್ಕೆ, ಎರಡು ಬೆರಳು ನುಗ್ಗುವಷ್ಟು ಬಿಗಿ. ಅವರ ಕೈ ನಿಮ್ಮ ಕುತ್ತಿಗೆಗೆ ಬರಬಾರದು, ನಿಮ್ಮ ಕೈ ಅವರ ಕಂಕುಳಿಗೆ ಹೋಗಬಾರದು. ಲಕ್ವ ಹೊಡೆದ ಭುಜ ಸುಲಭವಾಗಿ ಕೀಲು ತಪ್ಪುತ್ತದೆ. ಮಂಡಿ ಬಗ್ಗಿಸಿ, ಮೂರು ಎಣಿಸಿ ಎಬ್ಬಿಸಿ, ನಡು ತಿರುಚದೆ ಪಾದ ತಿರುಗಿಸಿ. ಕಾಲ ಮೇಲೆ ಭಾರ ಹಾಕಲಾಗದವರಿಗೆ ಮೇಲೆತ್ತಿ ದಾಟಿಸುವ ಲಿಫ್ಟ್ ಯಂತ್ರ ಮತ್ತು ಇಬ್ಬರು ಬೇಕು. ಒಬ್ಬರೇ ಮಾಡಿಬಿಡಿ ಎಂದು ಯಾರು ಅವಸರಿಸಿದರೂ ಒಪ್ಪಬೇಡಿ. ನಡೆಯುತ್ತ ಬೀಳತೊಡಗಿದವರನ್ನು ಹಿಡಿದೆತ್ತಲು ಹೋಗದೆ, ಮೈಗೆ ಆನಿಸಿಕೊಂಡು ನಿಮ್ಮ ಕಾಲಿನ ಮೇಲೆ ಮೆಲ್ಲಗೆ ನೆಲಕ್ಕಿಳಿಸಿ, ತಲೆ ಕಾಪಾಡಿ. ನರ್ಸ್ ಬಂದು ನೋಡುವವರೆಗೆ ಎಬ್ಬಿಸಬೇಡಿ.

ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಮುಗಿದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಲಕ್ವ ಹೊಡೆದ ಕಡೆಯ ಕೆನ್ನೆಯಲ್ಲಿ ತುತ್ತು ಉಳಿದಿದೆಯೇ ನೋಡಿ. ನುಂಗಲು ಕಷ್ಟವಿರುವವರಿಗೆ ನೀರನ್ನು ಮಂದ ಮಾಡಿ ಕೊಡಬೇಕೆಂದಿದ್ದರೆ ಪಾಪವೆಂದು ತೆಳು ನೀರು ಕೊಡಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕುಡಿದದ್ದನ್ನು ಮಿಲಿಲೀಟರ್‌ನಲ್ಲಿ ಬರೆಯಬೇಕು: ಒಂದು ಔನ್ಸ್ ಅಂದರೆ 30, ಎಂಟು ಔನ್ಸ್ ಲೋಟದಲ್ಲಿ ಮುಕ್ಕಾಲು ಕುಡಿದರೆ 180. ಮಾಡಿದ ಮೇಲಷ್ಟೇ ಬರೆಯಿರಿ, ಮುಂಗಡವಾಗಿ ಎಂದೂ ಬೇಡ. ಮಾತ್ರೆ ಕೊಡುವುದು, ಆಕ್ಸಿಜನ್ ಹೆಚ್ಚು ಕಡಿಮೆ ಮಾಡುವುದು ನಿಮ್ಮ ಕೆಲಸವಲ್ಲ, ಕೇಳಿದರೂ ಮಾಡಬೇಡಿ.

ಫೀಸಿನ ಮಾತು. ಫೆಡರಲ್ ನಿಯಮ 75 ಗಂಟೆಯ ತರಬೇತಿ ಕೇಳಿದರೆ ಕ್ಯಾಲಿಫೋರ್ನಿಯಾ 160 ಕೇಳುತ್ತದೆ: ತರಗತಿಯಲ್ಲಿ 60, ನಿವಾಸಿಗಳ ಜೊತೆ 100. ಸರ್ಕಾರಿ ಆರೋಗ್ಯ ವಿಮೆಗಳಾದ ಮೆಡಿಕೇರ್ ಅಥವಾ ಮೆಡಿಕೇಡ್ ಮಾನ್ಯತೆಯ ನರ್ಸಿಂಗ್ ಹೋಮ್ ತರಬೇತಿಗೆ ಮುಂಚೆಯೇ ನಿಮಗೆ ಕೆಲಸ ಕೊಟ್ಟಿದ್ದರೆ ಅಥವಾ ಕೊಡುವುದಾಗಿ ಹೇಳಿದ್ದರೆ, ತರಬೇತಿಗೂ ಪುಸ್ತಕಕ್ಕೂ ನಿಮ್ಮಿಂದ ಹಣ ಕೇಳುವಂತಿಲ್ಲ. ಆದ್ದರಿಂದ ಖಾಸಗಿ ಶಾಲೆಗೆ ಕಟ್ಟುವ ಮುನ್ನ ಹತ್ತಿರದ ನರ್ಸಿಂಗ್ ಹೋಮ್‌ಗಳಲ್ಲಿ ವಿಚಾರಿಸಿ. ಸ್ವಂತ ಹಣದಲ್ಲಿ ಕಲಿತು 12 ತಿಂಗಳೊಳಗೆ ಅಂಥ ಕಡೆ ಸೇರಿದರೂ, ಕೆಲಸ ಮಾಡಿದ ಅವಧಿಗೆ ತಕ್ಕಂತೆ ಖರ್ಚು ಮರಳಿಸಲು ರಾಜ್ಯ ವ್ಯವಸ್ಥೆ ಮಾಡಬೇಕು. ತರಬೇತಿ, ಪುಸ್ತಕ, ಪರೀಕ್ಷೆ ಪ್ರತಿಯೊಂದರ ರಸೀದಿ ಎತ್ತಿಡಿ, ಸಂದರ್ಶನದ ದಿನವೇ ಈ ಹಣದ ವಿಷಯ ಕೇಳಿ.