ಹೊಸ ಸರ್ವರ್‌ನ ಮ್ಯಾನೇಜ್‌ಮೆಂಟ್ ಪೋರ್ಟ್‌ಗೆ ಲ್ಯಾಪ್‌ಟಾಪ್ ನೇರ ಜೋಡಿಸಿದರೂ ಪೇಜ್ ತೆರೆಯುತ್ತಿಲ್ಲ, ಏಕೆ?

ಹಿಂಬದಿಯ ಪ್ರತ್ಯೇಕ ಪೋರ್ಟ್‌ನಲ್ಲಿ ಲಿಂಕ್ ಲೈಟ್ ಉರಿಯುತ್ತಿದೆ, ಬ್ರೌಸರ್‌ನಲ್ಲಿ ಮಾತ್ರ ಏನೂ ಬರುತ್ತಿಲ್ಲ ಅಂದಿದ್ದೀರಿ. ಹಾಗಿದ್ದರೆ ಕೇಬಲ್ ಮೇಲೆ ಅನುಮಾನ ಬೇಡ, ಎರಡು ಕಂಪ್ಯೂಟರ್ ನೇರ ಜೋಡಿಸಲು ಹಿಂದೆ ಬಳಸುತ್ತಿದ್ದ ಕ್ರಾಸ್ ಕೇಬಲ್ಲೂ ಬೇಕಿಲ್ಲ. ಇಂಥ ಕಡೆ ಸಾಮಾನ್ಯವಾಗಿ ತಪ್ಪಿರುವುದು ಲ್ಯಾಪ್‌ಟಾಪ್‌ನ ಐಪಿ.

ಆ ಪೋರ್ಟ್ ಹಿಂದೆ ಇರುವುದು ಸರ್ವರನ್ನು ದೂರದಿಂದಲೇ ನಿಯಂತ್ರಿಸಲು ಇಟ್ಟಿರುವ ಬಿಎಂಸಿ ಎಂಬ ಪುಟ್ಟ ಸ್ವತಂತ್ರ ಕಂಪ್ಯೂಟರ್. ಸರ್ವರ್ ಆನ್ ಮಾಡಬೇಕಿಲ್ಲ, ಪವರ್ ಕಾರ್ಡ್ ಚುಚ್ಚಿದರೆ ಸ್ಟ್ಯಾಂಡ್‌ಬೈ ಕರೆಂಟ್‌ನಲ್ಲೇ ಅದು ಬೂಟ್ ಆಗುತ್ತದೆ. ಅದಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಲಿಂಕ್ ಲೈಟ್ ಅದಕ್ಕೂ ಮೊದಲೇ ಬರಬಹುದು, ಅದನ್ನು ನೋಡಿ ಅವಸರಪಡಬೇಡಿ.

ನಿಮ್ಮದು ಯಾವ ಕಂಪನಿಯದು ಎಂದು ಹೇಳಿಲ್ಲ. ಡೆಲ್ ಐಡ್ರ್ಯಾಕ್ (ಡೆಲ್ ತನ್ನ ಬಿಎಂಸಿಗೆ ಇಟ್ಟ ಹೆಸರು) ಆದರೆ ಫ್ಯಾಕ್ಟರಿ ಐಪಿ ಸಾಮಾನ್ಯವಾಗಿ 192.168.0.120. ಲ್ಯಾಪ್‌ಟಾಪ್‌ನ ಈಥರ್‌ನೆಟ್‌ಗೆ ಕೈಯಾರೆ 192.168.0.10, ಮಾಸ್ಕ್ 255.255.255.0 ಕೊಡಿ, ಗೇಟ್‌ವೇ ಖಾಲಿ ಬಿಡಿ. ವೈಫೈ ಆಫ್ ಮಾಡಲೇಬೇಕು: ರೂಟರ್ ಕೂಡ 192.168.0 ಸರಣಿಯಲ್ಲೇ ಇದ್ದರೆ ಪಿಂಗ್ (ಸಾಧನ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ವೈಫೈ ಕಡೆಗೆ ಹೋಗಿ ಸಾಯುತ್ತದೆ, ನೀವು ಸರ್ವರ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. ಲಾಗಿನ್ ಹೆಸರು ರೂಟ್ (root). ಪಾಸ್‌ವರ್ಡ್ ಹಳೆಯ ಮಾದರಿಗಳಲ್ಲಿ ಕ್ಯಾಲ್ವಿನ್ (calvin, ಎಲ್ಲ ಸಣ್ಣಕ್ಷರ), ಹೊಸವುಗಳಲ್ಲಿ ಎಳೆದು ನೋಡುವ ಟ್ಯಾಗ್ ಮೇಲೆ ಅಚ್ಚಾಗಿರುತ್ತದೆ.

ಲೆನೊವೊದ ಬಿಎಂಸಿಯಾದ ಎಕ್ಸ್‌ಸಿಸಿ ಮೊದಲು ಡಿಎಚ್‌ಸಿಪಿ (ತಾನಾಗಿ ಐಪಿ ಹಂಚುವ ಸೇವೆ) ಹುಡುಕಿ, ಸಿಗದಿದ್ದರೆ 192.168.70.125 ಹಿಡಿಯುತ್ತದೆ. ಯೂಸರ್‌ಐಡಿ, ಪಾಸ್‌ವರ್ಡ್ ಎಂಬ ಇಂಗ್ಲಿಷ್ ಪದಗಳೇ ಲಾಗಿನ್. ಎರಡೂ ದೊಡ್ಡಕ್ಷರದಲ್ಲಿ, ಎರಡನೆಯದರಲ್ಲಿ ಓ ಜಾಗದಲ್ಲಿ ಸೊನ್ನೆ: USERID, PASSW0RD.

ಎಚ್‌ಪಿಇಯ ಬಿಎಂಸಿಯಾದ ಐಎಲ್‌ಓ ಜೊತೆ ನೇರ ಕೇಬಲ್ ತಲೆನೋವು, ಏಕೆಂದರೆ ಅದು ಡಿಎಚ್‌ಸಿಪಿಗಾಗಿ ಕಾಯುತ್ತದೆ, ಲ್ಯಾಪ್‌ಟಾಪ್ ಅದನ್ನು ಕೊಡುವುದಿಲ್ಲ. ರೂಟರ್ ಇರುವ ಸ್ವಿಚ್‌ಗೆ ಹಾಕಿ, ರೂಟರ್‌ನ ಲೀಸ್ ಪಟ್ಟಿಯಲ್ಲಿ (ಯಾವ ಸಾಧನಕ್ಕೆ ಯಾವ ಐಪಿ ಕೊಟ್ಟಿದೆ ಎಂಬ ಪಟ್ಟಿ) ಐಎಲ್‌ಓ ಮತ್ತು ಸೀರಿಯಲ್ ನಂಬರ್ ಸೇರಿದ ಹೆಸರು ಹುಡುಕಿ.

ಸೂಪರ್‌ಮೈಕ್ರೋದಲ್ಲಿ ಇನ್ನೊಂದು ಗುಟ್ಟಿದೆ. ಅದು ಫೇಲ್‌ಓವರ್ ಮೋಡ್‌ನಲ್ಲಿರುತ್ತದೆ. ಕರೆಂಟ್ ಬಂದಾಗ ಪ್ರತ್ಯೇಕ ಪೋರ್ಟ್‌ನಲ್ಲಿ ಲಿಂಕ್ ಕಾಣದಿದ್ದರೆ ಬಿಎಂಸಿ ಮೊದಲ ಲ್ಯಾನ್ ಪೋರ್ಟ್‌ಗೆ ಹೋಗಿ ಕೂರುತ್ತದೆ. ಹಾಗಾಗಿ ಮೊದಲು ನೆಟ್‌ವರ್ಕ್ ಕೇಬಲ್, ಆಮೇಲೆ ಪವರ್ ಕಾರ್ಡ್. ಈಗಾಗಲೇ ಹಾಗಾಗಿದ್ದರೆ ಪವರ್ ಕಾರ್ಡ್‌ಗಳನ್ನೆಲ್ಲ ಕಿತ್ತು, ಅರ್ಧ ನಿಮಿಷ ಬಿಟ್ಟು, ಮತ್ತೆ ಚುಚ್ಚಿ.

ಪಿಂಗ್ ಬಂದರೂ ಪೇಜ್ ಬಾರದಿದ್ದರೆ ಅಡ್ರೆಸ್ ಮುಂದೆ ಎಚ್‌ಟಿಟಿಪಿಎಸ್ ಹಾಕಿ ನೋಡಿ. ಸರ್ಟಿಫಿಕೇಟ್ ಎಚ್ಚರಿಕೆ ಬಂದೇ ಬರುತ್ತದೆ, ನೇರ ಕೇಬಲ್‌ನಲ್ಲಿ ಅದನ್ನು ದಾಟಿ ಮುಂದೆ ಹೋಗಬಹುದು. ಪಿಂಗೇ ಇಲ್ಲವೆಂದರೆ ಕೇಬಲ್‌ನಲ್ಲಿ ಹರಿಯುವ ಮಾಹಿತಿಯನ್ನು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ತೆರೆದಿಟ್ಟು ಕೇಬಲ್ ಕಿತ್ತು ಹಾಕಿ. ಟ್ಯಾಗ್ ಮೇಲಿನ ಮ್ಯಾಕ್ ಅಡ್ರೆಸ್‌ನಿಂದ (ಪೋರ್ಟ್‌ನ ಗುರುತು ಸಂಖ್ಯೆ) ಎಆರ್‌ಪಿ (ಐಪಿ ಮತ್ತು ಮ್ಯಾಕ್ ಜೋಡಿಸುವ ಸಂದೇಶ) ಬಂದರೆ ಅದರಲ್ಲೇ ಐಪಿ ಇರುತ್ತದೆ. ಡಿಎಚ್‌ಸಿಪಿ ಕೋರಿಕೆಯಷ್ಟೇ ಬರುತ್ತಿದ್ದರೆ ಅದಕ್ಕೆ ಇನ್ನೂ ಐಪಿ ಸಿಕ್ಕಿಲ್ಲ. ಸೆಕೆಂಡ್‌ಹ್ಯಾಂಡ್ ಸರ್ವರ್‌ಗೆ ನಾನು ನೇರ ಇದನ್ನೇ ಮಾಡುತ್ತೇನೆ, ಫ್ಯಾಕ್ಟರಿ ಐಪಿ ಉಳಿದಿರುತ್ತದೆ ಎಂಬ ಭರವಸೆ ಇಲ್ಲ.

ಒಳಗೆ ಹೋದಮೇಲೆ ಮೊದಲು ಪಾಸ್‌ವರ್ಡ್, ನಂತರ ಫರ್ಮ್‌ವೇರ್, ಕೊನೆಗೆ ಐಪಿ ಬದಲಿಸಿ. ಐಪಿಗೆ ಅಪ್ಲೈ ಒತ್ತಿದ ಕೂಡಲೇ ಸಂಪರ್ಕ ಕಡಿಯುತ್ತದೆ, ಗಾಬರಿ ಬೇಡ. ಲ್ಯಾಪ್‌ಟಾಪ್‌ಗೂ ಹೊಸ ಸರಣಿಯ ಐಪಿ ಕೊಟ್ಟು ಮತ್ತೆ ತೆರೆಯಿರಿ. ಈ ಪೋರ್ಟನ್ನು ಇಂಟರ್ನೆಟ್‌ಗೆ ಮಾತ್ರ ಬಿಡಬೇಡಿ, ಬೇರೆ ವಿಎಲ್ಯಾನ್‌ನಲ್ಲಿ (ಸ್ವಿಚ್‌ನಲ್ಲೇ ಬೇರ್ಪಡಿಸಿದ ಜಾಲ) ಇಡಿ.