ನಿಮ್ಮ ಸೈಬೋರ್ಗ್ ಲೇಖನದ ಬಗ್ಗೆ

ನಮಸ್ಕಾರ,

ಸೈಬೋರ್ಗ್, ಅಂದರೆ ಮೈಯೂ ಯಂತ್ರವೂ ಬೆರೆತ ಜೀವಿ, ಅದರ ಬಗ್ಗೆ ನೀವು ಬರೆದ ‘ದೇವರನ್ನು ಬಿಟ್ಟ ಸೈಬೋರ್ಗ್’ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಅಮೆರಿಕದ ಸ್ತ್ರೀವಾದಿ ಚಿಂತಕಿ ಡೋನಾ ಹಾರವೇ 1985ರ ‘ಸೈಬೋರ್ಗ್ ಮ್ಯಾನಿಫೆಸ್ಟೋ’ ಪ್ರಬಂಧದಲ್ಲಿ ಕ್ರೈಸ್ತ ನಂಬಿಕೆಯನ್ನು ಕಸದ ಬುಟ್ಟಿಗೆ ಹಾಕಿದರು ಅಂತ ಬರೆದಿದ್ದೀರಿ. ಇಡೀ ಲೇಖನ ನಿಂತಿರುವುದು ಇದರ ಮೇಲೆ. ಇದು ಸರಿಯಲ್ಲ. ಆ ಪ್ರಬಂಧ ಶುರುವಾಗುವುದೇ ದೈವನಿಂದೆಯ ಮಾತಿನಿಂದ. ದೈವನಿಂದೆ ಬೇರೆ, ಧರ್ಮ ತೊರೆಯುವುದು ಬೇರೆ ಅಂತ ಅವರೇ ಅಲ್ಲಿ ಹೇಳುತ್ತಾರೆ. ನಿಂದಿಸಬೇಕಾದರೂ ಒಳಗಿನವರೇ ಆಗಿರಬೇಕು, ಅಲ್ವಾ? ಹಾರವೇ ಬೆಳೆದದ್ದು ಕಥೋಲಿಕ್ ಮನೆಯಲ್ಲಿ. ಬಲಿಪೂಜೆಯ ರೊಟ್ಟಿ, ದ್ರಾಕ್ಷಾರಸದಲ್ಲಿ ಕ್ರಿಸ್ತ ನಿಜವಾಗಿಯೂ ಇದ್ದಾನೆ ಎಂದು ನಂಬಿ ಬೆಳೆದ ತನಗೆ ಸಂಕೇತವನ್ನೂ ಮಾಂಸವನ್ನೂ ಬೇರೆ ಮಾಡಿ ನೋಡಲು ಬರುವುದಿಲ್ಲ ಎಂಬರ್ಥದಲ್ಲಿ 2003ರಲ್ಲಿ ನಾಯಿ-ಮನುಷ್ಯರ ನಂಟಿನ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ಮೈ ಮತ್ತು ಯಂತ್ರದ ನಡುವೆ ಅವರು ಗೆರೆ ಎಳೆಯದೆ ಇರುವುದಕ್ಕೆ ಇಷ್ಟು ದೊಡ್ಡ ಸುಳಿವು ಸಿಕ್ಕರೂ ನೀವು ದಾಟಿಕೊಂಡು ಹೋಗಿದ್ದೀರಿ.

‘ದೇವಿಗಿಂತ ಸೈಬೋರ್ಗ್ ಆಗುವುದೇ ಇಷ್ಟ’ ಎಂಬ ಅವರ ಸಾಲನ್ನು ಸುಮ್ನೆ ತಲೆಬರಹದ ಕೆಳಗೆ ಅಂಟಿಸಿದ್ದೀರಿ. ಕಟೀಲು ದೇವಿಯ ದೇವಸ್ಥಾನಕ್ಕೆ ಹೋಗಿಬರುವ ನಮ್ಮ ಓದುಗರು ಏನೆಂದು ತಿಳಿಯಬೇಕು? ಹೆಣ್ಣೆಂದರೆ ಪ್ರಕೃತಿ, ಯಂತ್ರವೆಲ್ಲ ಗಂಡಸರದ್ದು ಎನ್ನುವ ಒಂದು ಬಗೆಯ ಸ್ತ್ರೀವಾದ ಆಗ ಅಮೆರಿಕದಲ್ಲಿತ್ತು. ಹಾರವೇ ತಕರಾರು ಅದರ ಜೊತೆ. ಅಷ್ಟು ಹೇಳಿ, ಇಲ್ಲವೇ ಸಾಲು ತೆಗೆಯಿರಿ.

ಇನ್ನು ನಾಲ್ಕನೇ ಪುಟ. ಎದೆಯಲ್ಲಿ ಪೇಸ್‌ಮೇಕರ್ ಇರುವ ನಿಮ್ಮ ತಾಯಿ ಬೂದಿ ಬುಧವಾರ ಚರ್ಚಿನ ಸಾಲಿನಲ್ಲಿ ನಿಲ್ಲುತ್ತಾರೆ. ಹೋದ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿಯನ್ನು ಫಾದರ್ ಹಣೆಗೆ ಹಚ್ಚಿ, ಮಣ್ಣಿಗೇ ಮರಳುತ್ತೀ ಎನ್ನುತ್ತಾರೆ. ಹೊರಗೆ ಬಂದ ತಾಯಿ ಎದೆ ಮುಟ್ಟಿಕೊಂಡು, ‘ಇದೂ ಮಣ್ಣಾಗ್ತದಾ?’ ಅಂತ ನಿಮ್ಮನ್ನು ಕೇಳುತ್ತಾರೆ. ಅಷ್ಟೇ! ಮುಂದಿನ ಸಾಲಿಗೆ ನೀವು ಫ್ರೆಂಚ್ ತತ್ವಜ್ಞಾನಿ ಫೂಕೋ ಹತ್ತಿರ ಓಡಿದ್ದೀರಿ.

ಸೈಬೋರ್ಗ್ ಮಣ್ಣಿನಿಂದ ಆದದ್ದಲ್ಲ, ಅದಕ್ಕೆ ಏದೆನ್ ತೋಟದ ಗುರುತು ಹತ್ತದು, ಮಣ್ಣಿಗೆ ಮರಳುವ ಕನಸೂ ಅದಕ್ಕಿಲ್ಲ ಅನ್ನುತ್ತಾರೆ ಹಾರವೇ. ದೇವರು ಮನುಷ್ಯನನ್ನು ಮಣ್ಣಿನಿಂದ ಮಾಡಿದ ಎನ್ನುವ ಬೈಬಲಿನ ಆದಿಕಾಂಡವನ್ನೇ ತಿರುಗಿಸಿ ಹೇಳಿದ್ದು ಅದು. ನಿಮ್ಮ ತಾಯಿಯೋ ಮಣ್ಣೂ ಹೌದು, ಬ್ಯಾಟರಿಯೂ ಹೌದು. ಅವರ ಪ್ರಶ್ನೆಯನ್ನು ಹಾರವೇ ಮುಂದೆ ಇಡಿ. ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವುದಿಲ್ಲ ಅಂತ ನನಗೆ ಅನಿಸುತ್ತದೆ. ಲೇಖನ ಇರುವುದು ಅಲ್ಲೇ.

ಮೊದಲ ಮೂರು ಪುಟ ಪೂರ್ತಿ ಬಿಡಿ. ಹೆಸರುಗಳ ಮೆರವಣಿಗೆ ಜಾಸ್ತಿಯಾಯಿತು. ಸಾವಿರ ಪದ ಸಾಕು. ಕಳಿಸುವ ಮೊದಲು ತಾಯಿಗೆ ಓದಿ ಹೇಳಿ, ಅಚ್ಚು ಮಾಡಬಹುದಾ ಅಂತ ಕೇಳಿ. ಮಂಗಳೂರು ಸಣ್ಣ ಊರು, ಯಾರೆಂದು ಗೊತ್ತಾಗಿಯೇ ಆಗುತ್ತದೆ.

ಸಂಪಾದಕ